ಖಾಲಿ ಉಳಿದ ತಾರೀಖು

ಅವರ ಎಡಗಿವಿ ಅರ್ಧವೇ ಇತ್ತು. ಮೇಲಿನ ಭಾಗ ಕತ್ತರಿಯಲ್ಲಿ ಅಡ್ಡಕ್ಕೆ ಕತ್ತರಿಸಿದ ಹಾಗೆ ನೇರವಾಗಿ ಹೋಗಿತ್ತು. ಉಳಿದ ಅಂಚು ದಪ್ಪಗೆ, ನುಣ್ಣಗೆ ಕೂಡಿಕೊಂಡಿತ್ತು. ಕನ್ನಡಕದ ಕಡ್ಡಿ ಆ ಕಡೆ ನಿಲ್ಲುತ್ತಿರಲಿಲ್ಲ. ಅದಕ್ಕೇ ಕಡ್ಡಿಗೆ ದಾರ ಕಟ್ಟಿ, ತಲೆಯ ಹಿಂದಿನಿಂದ ಸುತ್ತಿ ತಂದು ಬಲಗಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದು ಜೀನ್ಸ್ ಹೊಲಿಯುವ ದಪ್ಪ ಹಳದಿ ದಾರ. ಗಾಳಿ ದಿಕ್ಕು ಬದಲಿಸಿದರೆ ಸಾಕು, ಅವರ ಕೈ ತನ್ನಷ್ಟಕ್ಕೆ ಆ ತುಂಡು ಕಿವಿಯ ಮೇಲೆ ಹೋಗುತ್ತಿತ್ತು.

ಪ್ರಾಯದಲ್ಲಿ ಸಿರುಗುಪ್ಪದ ಕಡೆಯ ರಾರಾವಿಯಲ್ಲಿದ್ದಾಗ ಒಂದು ಸಂಜೆ ಬಿರುಗಾಳಿ ಎದ್ದು, ಯಾರದೋ ದನದ ಕೊಟ್ಟಿಗೆಯ ತಗಡು ಹಾರಿಬಂದು ಕಿವಿ ಕೊಯ್ದುಕೊಂಡು ಹೋಗಿತ್ತಂತೆ. ಹೋದದ್ದು ಆ ಕ್ಷಣಕ್ಕೆ ಗೊತ್ತೇ ಆಗಿರಲಿಲ್ಲವಂತೆ. "ಕುತ್ತಿಗಿ ಮ್ಯಾಲೆ ಬಿಸಿ ನೀರು ಇಳ್ದಂಗಾತು. ಮಳಿ ಯಾಕ ಬಿಸಿ ಐತಿ ಅಂತ ನೋಡಿದ್ರ ರಕ್ತ," ಎನ್ನುತ್ತಿದ್ದರು. ಕೇಳಿದವರು ನಕ್ಕರೆ ಅವರೂ ನಗುತ್ತಿದ್ದರು. ಅದೇ ಗಾಳಿಯ ಹಿಂದೆ ಬಂದ ಸಿಡಿಲು ಅವರ ತಮ್ಮನನ್ನು ಬೇವಿನ ಗಿಡದ ಕೆಳಗೆ ಕೊಂದಿತ್ತು. ಆ ಮಾತನ್ನು ಮಾತ್ರ ಅವರು ನನ್ನ ಮುಂದೆ ಒಂದೇ ಸಲ ಆಡಿದ್ದು, ಅದೂ ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗಿದ್ದರು.

ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಬಳ್ಳಾರಿಯ ಹೊರಗೆ, ಮೋಕ ರಸ್ತೆಯ ಮಗ್ಗುಲಲ್ಲಿ, ತೊಳೆದ ಜೀನ್ಸ್ ಪ್ಯಾಂಟುಗಳನ್ನು ಒಣಗಿಸುವ ಒಂದು ಬಯಲಿತ್ತು. ಅದರ ಮೇಸ್ತ್ರಿ ಅವರು. ನಾನು ಅಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ನಾಲ್ಕು. ಮದುವೆಯಾಗಿ ಎರಡೇ ವರ್ಷಕ್ಕೆ ತವರಿಗೆ ವಾಪಸು ಬಂದಿದ್ದೆ. ಪಿಯುಸಿ ಓದಿದವಳು ಎಂಬ ಸೊಕ್ಕು ಒಂದು ಕಡೆ, ಗಂಡ ಬಿಟ್ಟವಳು ಎಂಬ ಕುಗ್ಗು ಇನ್ನೊಂದು ಕಡೆ. ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಚಾಚಾ ಮೊದಲ ದಿನವೇ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಓದಾಕ ಬರಿಯಾಕ ಬರ್ತೈತೇನು ಬೇಟಾ?" ಎಂದರು. ಬರ್ತೈತ್ರಿ ಅಂದೆ. "ನನ್ನ ಕಣ್ಣಾಗ ಪೊರಿ ಬಂದೈತಿ. ನನ್ನ ಬರಿಯೋ ಕೆಲಸ ಒಂದು ಐತಿ, ಅದನ್ನ ಮಾಡು. ಉಳಿದದ್ದು ಎಲ್ಲಾರ ಜೋಡಿ ಮಾಡೂವಂತಿ."

ಬಯಲಿನ ಕೆಲಸವೆಂದರೆ ಹೇಳಿಕೊಳ್ಳುವಂಥದ್ದಲ್ಲ. ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಒದ್ದೆ ಪ್ಯಾಂಟು ಬರುತ್ತಿದ್ದವು. ನೀರು ಕುಡಿದ ಜೀನ್ಸ್ ಎಷ್ಟು ಭಾರ ಎನ್ನುವುದು ಹೊತ್ತವರಿಗೇ ಗೊತ್ತು. ಕಲ್ಲು ಕಂಬಗಳಿಗೆ ಕಟ್ಟಿದ ಕಬ್ಬಿಣದ ತಂತಿಗಳು ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿದ್ದವು. ಅವುಗಳ ಮೇಲೆ ಪ್ಯಾಂಟು ಹರವಬೇಕು, ತಿರುವಿ ಹಾಕಬೇಕು, ಒಣಗಿದ ಮೇಲೆ ತೆಗೆದು ಶೆಡ್ಡಿನಲ್ಲಿ ಒಟ್ಟಬೇಕು. ಹದಿನಾರು ಹದಿನೇಳು ಹೆಂಗಸರಿದ್ದೆವು. ಎಲ್ಲರ ಉಗುರೂ ನೀಲಿ. ಬಳ್ಳಾರಿಯ ಬಿಸಿಲು ನಮ್ಮ ನೆತ್ತಿಗೆ ಶತ್ರು, ಬಯಲಿನ ಒಡೆಯ ಸಾವುಕಾರನಿಗೆ ನೆಂಟ. ಆ ಬಿಸಿಲೇ ಏಪ್ರಿಲ್ ಬಂದರೆ ಮಧ್ಯಾಹ್ನ ಮೂರರ ಮೇಲೆ ಮೋಡವಾಗಿ ಕುರುಗೋಡು ಗುಡ್ಡದ ಕಡೆಯಿಂದ ಎದ್ದು ಬರುತ್ತಿತ್ತು. ಆಗ ಬಯಲಿನಲ್ಲಿ ಎತ್ತರದ್ದು ಅಂತ ಇದ್ದದ್ದು ಎರಡೇ: ಕಂಬಗಳು ಮತ್ತು ನಾವು.

ಚಾಚಾ ನನಗೆ ಕೊಟ್ಟ ಬರವಣಿಗೆ ಆ ಮೋಡದ್ದೇ. ಶೆಡ್ಡಿನ ಗೋಡೆಗೆ ಸಿರುಗುಪ್ಪದ ಯಾವುದೋ ಅಕ್ಕಿ ಗಿರಣಿಯವರು ಕೊಟ್ಟ ದೊಡ್ಡ ಕ್ಯಾಲೆಂಡರು ತೂಗುಹಾಕಿದ್ದರು. ಅದರ ಒಂದೊಂದು ತಾರೀಖಿನ ಖಾನೆಯಲ್ಲಿ, ಹಿಂದೆ ಯಾವಾಗಲೋ ಅದೇ ತಾರೀಖಿಗೆ ಬಿದ್ದ ಸಿಡಿಲು, ಆಲಿಕಲ್ಲು, ಬಿರುಗಾಳಿ, ನೆರೆ, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆಸುತ್ತಿದ್ದರು. ಹೊಸ ವರ್ಷ ಬಂದರೆ ಹಳೆಯ ಕ್ಯಾಲೆಂಡರಿನಿಂದ ಹೊಸದಕ್ಕೆ ಇಳಿಸಬೇಕು. ಮೋಕದಲ್ಲಿ ಆಲಿಕಲ್ಲಿಗೆ ಕುರಿಮಂದೆ ಸತ್ತದ್ದು, ಬಾದನಹಟ್ಟಿಯಲ್ಲಿ ಗಾಳಿಗೆ ಬಣವೆ ಹಾರಿ ಕೆರೆಗೆ ಬಿದ್ದದ್ದು, ಸಿರುಗುಪ್ಪದ ಕಡೆ ಹೊಳೆ ಊರೊಳಗೆ ಬಂದು ಗದ್ದೆಯ ಭತ್ತ ನೀರಲ್ಲೇ ಮೊಳಕೆ ಬಂದದ್ದು, ಹೀಗೆ.

ಇದನ್ನೆಲ್ಲ ಕಲೆಹಾಕುವ ಅವರ ರೀತಿಯೇ ಬೇರೆ. ಟ್ರ್ಯಾಕ್ಟರಿನವನು ಬರಲಿ, ಚಹಾ ತರುವವನು ಬರಲಿ, ಹೊಸದಾಗಿ ಕೆಲಸಕ್ಕೆ ಹೆಂಗಸು ಬರಲಿ, ಊರು ಕೇಳಿದ ಮೇಲೆ ಅವರು ಕೇಳುತ್ತಿದ್ದದ್ದು ಅಲ್ಲಿ ಸಿಡಿಲು ಬಿದ್ದದ್ದು ಯಾವತ್ತು ಎಂದೇ. ಮಂದಿ ತಾರೀಖು ನೆನಪಿಡುವುದಿಲ್ಲವಲ್ಲ. ಒಬ್ಬಳು "ಕಾರಹುಣ್ಣಿವಿ ಇನ್ನ ಎರಡು ದಿನ ಇತ್ರಿ" ಎನ್ನುತ್ತಿದ್ದಳು, ಇನ್ನೊಬ್ಬ "ಮೊಹರಮ್ಮಿನ ಅಲಾಯಿ ದೇವ್ರು ಹೊಳಿಗಿ ಹೋದ ಮರುದಿನ" ಎನ್ನುತ್ತಿದ್ದ. "ನಮ್ಮ ದೊಡ್ಡಾಂವ ಹೊಟ್ಟ್ಯಾಗ ಏಳು ತಿಂಗಳಿದ್ದ" ಎಂದವಳಿಗೆ ಚಾಚಾ ಮಗನ ಸಾಲಿಯ ಟಿಸಿ ತರಲು ಹೇಳಿದ್ದರು. ಅವಳು ತಂದಳು. ಹುಟ್ಟಿದ ತಾರೀಖಿನಿಂದ ಹಿಂದಕ್ಕೆ ಬೆರಳು ಮಡಚಿ ಎಣಿಸಿದರು. ಅದೂ ಸಾಲದಿದ್ದರೆ ಕುರುಗೋಡಿನ ಬಸ್ಸು ಹತ್ತುತ್ತಿದ್ದರು. ಅಲ್ಲಿ ಒಬ್ಬ ಐನೋರ ಮನೆಯಲ್ಲಿ ಹಳೆಯ ಪಂಚಾಂಗಗಳ ಗಂಟಿತ್ತು. ಹಬ್ಬವನ್ನು ತಾರೀಖಿಗೆ ತಿರುಗಿಸಿಕೊಂಡು ಬರುವಷ್ಟರಲ್ಲಿ ಇಬ್ಬರಿಗೂ ಜಗಳವಾಗಿ, ಎರಡು ಸಲ ಚಹಾ ಆಗಿರುತ್ತಿತ್ತು. ಹಾಗೆ ತಂದ ತಾರೀಖನ್ನು ಜೀನ್ಸಿಗೆ ಕಟ್ಟುವ ರಟ್ಟಿನ ಟ್ಯಾಗಿನ ಹಿಂದೆ ತಮ್ಮ ಸೊಟ್ಟ ಅಕ್ಷರದಲ್ಲಿ ಗೀಚಿ ನನಗಾಗಿ ಗೋಡೆಯ ಮೊಳೆಗೆ ಚುಚ್ಚುತ್ತಿದ್ದರು. ನಾನು ಅದನ್ನು ಖಾನೆಗೆ ಏರಿಸುತ್ತಿದ್ದೆ.

ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ನಿಲ್ಲಿಸಿ, ಅಂದಿನ ಖಾನೆ ಓದಿಸುತ್ತಿದ್ದರು. ನಾನು ಓದುತ್ತಿದ್ದೆ. "ಈ ದಿನ ಮೋಕದ ಹೊಲದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸಿಡಿಲು." ಓದಿದ ಮೇಲೆ ಚಾಚಾ ಒಂದೇ ಮಾತು ಹೇಳುತ್ತಿದ್ದರು: "ಸೀಟಿ ಕೇಳಿದ್ರ ಕೈಯಾಗ ಇದ್ದದ್ದು ಇದ್ದಂಗ ಬಿಟ್ಟು ಒಳಗ ಬರ್ರಿ. ತಂತಿ ಮುಟ್ಟಬ್ಯಾಡ್ರಿ." ಕುತ್ತಿಗೆಯಲ್ಲಿ ಪೊಲೀಸರದ್ದಂಥ ಒಂದು ಸೀಟಿ ಇತ್ತು.

ಹೆಂಗಸರು ಅದಕ್ಕೆ ಸಾವಿನ ಪಂಚಾಂಗ ಅಂತ ಹೆಸರಿಟ್ಟಿದ್ದರು. ಎಲ್ಲರಿಗಿಂತ ಹೆಚ್ಚು ಚೇಷ್ಟೆ ಮಾಡುತ್ತಿದ್ದವಳು ಮೋಕದಿಂದ ಬರುತ್ತಿದ್ದ ಒಬ್ಬ ಅಕ್ಕ. ದೊಡ್ಡ ಕುಂಕುಮದ, ದೊಡ್ಡ ಬಾಯಿಯ, ದೊಡ್ಡ ಮನಸ್ಸಿನ ಹೆಂಗಸು. ಬುತ್ತಿ ತಂದರೆ ನನಗೂ ಸೇರಿಸಿಯೇ ತರುತ್ತಿದ್ದಳು. "ಚಾಚಾ, ನನ್ನ ಗಂಡ ಕುಡ್ದು ಬಂದ ದಿನಾನೂ ಬರ್ಕೋರಿ. ಅದೂ ಬಿರುಗಾಳೀನ," ಎನ್ನುವಳು. ಚಾಚಾ ಮುಖ ಗಂಟು ಮಾಡಿಕೊಂಡು, "ಅದಕ್ಕ ಬ್ಯಾರೆ ಕ್ಯಾಲೆಂಡರ್ ಬೇಕಾಗ್ತೈತಿ, ತಾಯಿ," ಎನ್ನುವರು. ಬಯಲೆಲ್ಲ ನಗು.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಬರೆಯುವವಳು ನಾನು ತಾನೇ. ಒಂದು ವರ್ಷ ಬರೆಯುವಷ್ಟರಲ್ಲಿ ನನ್ನೊಳಗೆ ಒಂದು ಹೆದರಿಕೆ ಕೂತುಬಿಟ್ಟಿತು. ಬಸ್ಸಿನಲ್ಲಿ ಕೂತಾಗ, ನೀರು ಹಿಡಿಯುವಾಗ, ಇವತ್ತು ಯಾವ ಊರಿನ ಯಾರು ಸತ್ತ ದಿನ ಅನ್ನುವುದೇ ತಲೆಯಲ್ಲಿ ತಿರುಗುವುದು. ಮೋಡ ಕಂಡರೆ ಶೆಡ್ಡಿನ ಬಾಗಿಲು ಎಷ್ಟು ಹೆಜ್ಜೆ ಎಂದು ಎಣಿಸುವುದು. ಒಮ್ಮೆ ಚಾಚಾಗೆ ಹೇಳಿಯೂ ಬಿಟ್ಟೆ, ನನಗೆ ಅಂಜಿಕಿ ಆಗ್ತೈತ್ರಿ ಅಂತ. ಅವರಿಗೆ ಸಮಾಧಾನವಾದ ಹಾಗೆ ಕಂಡಿತು. "ಆಗ್ಲಿ ಬೇಟಾ. ಅಂಜಿದಾಕಿ ಓಡ್ತಾಳ, ಓಡಿದಾಕಿ ಉಳೀತಾಳ," ಎಂದರು.

ಅವರ ಅಂಜಿಕೆ ಎಷ್ಟು ಗಟ್ಟಿ ಎಂದು ನಾನು ನೋಡಿದ್ದು ಒಂದು ಬೇಸಿಗೆಯ ಮಧ್ಯಾಹ್ನ. ಸಾವುಕಾರ ಬಯಲಲ್ಲೇ ಇದ್ದ. ಮುಂಬೈಗೆ ಹೋಗಬೇಕಾದ ಸರಕು ತಂತಿಯ ಮೇಲಿತ್ತು, ಇನ್ನರ್ಧ ಗಂಟೆಗೆ ಒಣಗಿ ಮುಗಿಯುತ್ತಿತ್ತು. ಬಡಗಣ ಮೂಲೆಯಲ್ಲಿ ಒಂದಂಗೈಯಷ್ಟು ಮೋಡ. ಚಾಚಾ ಕಿವಿ ಮುಟ್ಟಿಕೊಂಡರು, ಸೀಟಿ ಊದಿದರು. ನಾವು ಓಡಿ ಶೆಡ್ಡು ಸೇರಿದೆವು. ಸಾವುಕಾರ ಕೂಗಿದ, ಮೊದಲು ಅರಿವಿ ತೆಗೀರಿ ಅಂದ. ಒಬ್ಬರೂ ಅಲ್ಲಾಡಲಿಲ್ಲ, ಏಕೆಂದರೆ ಚಾಚಾ ಬಾಗಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು. ಹತ್ತು ನಿಮಿಷಕ್ಕೆ ಮಳೆ ಹೊಡೆಯಿತು, ಸಿಡಿಲು ಎಲ್ಲೋ ದೂರ ಬಿತ್ತು, ಸರಕೆಲ್ಲ ಕೆಸರಾಯಿತು. ಸಾವುಕಾರ ಬಾಯಿಗೆ ಬಂದಂತೆ ಬೈದ. ಚಾಚಾ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, "ತೋಯ್ದ ಪ್ಯಾಂಟು ನಾಳಿಗಿ ಒಣಗ್ತಾವ್ರಿ. ಸುಟ್ಟ ಮನುಷ್ಯಾ ಯಾವ ಬಿಸಿಲಿಗಿ ಏಳ್ತಾನ?" ಎಂದರು. ಆ ತಿಂಗಳು ಅವರ ಸಂಬಳದಲ್ಲಿ ಸಾವುಕಾರ ಹಿಡಿದುಕೊಂಡ. ಅವರು ಮರುದಿನ ಎಂದಿನಂತೆ ಬಂದು ಖಾನೆ ಓದಿಸಿದರು.

ಆದರೆ ಇಷ್ಟು ಎಚ್ಚರದ ಮನುಷ್ಯನಿಗೆ ಒಂದು ಸಂಗತಿ ಕಾಣಲಿಲ್ಲ. ನಮಗೂ ಕಾಣಲಿಲ್ಲ. ದಿನಾ ತುಂಬಿದ ಖಾನೆ ಕೇಳಿ ಕೇಳಿ, ಹೆಂಗಸರು ಖಾಲಿ ಖಾನೆಯ ದಾರಿ ಕಾಯತೊಡಗಿದ್ದರು. ಬೆಳಿಗ್ಗೆ ನಾನು ಬರುವುದೇ ತಡ, "ಏನೇ, ಇವತ್ತು ಖಾಲಿಯೇನು?" ಎಂದು ಕೇಳುವರು. ಖಾಲಿ ಅಂದರೆ ಅವತ್ತು ಬಯಲಿನ ಬಣ್ಣವೇ ಬೇರೆ. ಹಾಡು, ಹರಟೆ, ನಿಧಾನಕ್ಕೆ ಊಟ. ಬೇಸಿಗೆಯ ಆ ಎರಡು ತಿಂಗಳಲ್ಲಿ ಮುಕ್ಕಾಲು ಖಾನೆಗಳು ತುಂಬಿದ್ದವು, ಉಳಿದ ಕೆಲವು ನಮಗೆ ಹಬ್ಬವಿದ್ದ ಹಾಗೆ. ಏನೂ ಆಗಿಲ್ಲದ ದಿನ ಎನ್ನುವುದು ಯಾವಾಗ ಏನೂ ಆಗದ ದಿನವಾಗಿ ನಮ್ಮ ತಲೆಯಲ್ಲಿ ತಿರುಗಿ ಕೂತಿತೋ ಗೊತ್ತಿಲ್ಲ. ಎಲ್ಲರಿಗಿಂತ ಹೆಚ್ಚು ನಂಬಿದವಳು ನಾನೇ. ಹೆದರಿ ಹೆದರಿ ಸಾಕಾದವಳಿಗೆ ಒಂದು ದಿನವಾದರೂ ಉಸಿರು ಬಿಡಲು ಜಾಗ ಬೇಕಿತ್ತು.

ನನ್ನ ಮೂರನೆಯ ಬೇಸಿಗೆಯಲ್ಲಿ ಒಂದು ಸೋಮವಾರ ಚಾಚಾ ನನ್ನನ್ನು ಕರೆದು ಒಂದು ಟ್ಯಾಗು ಕೊಟ್ಟರು. ಉಳಿದ ದಿನ ಟ್ಯಾಗನ್ನು ಗೋಡೆಯ ಮೊಳೆಗೆ ಚುಚ್ಚಿ ಹೋಗುವವರು, ಅವತ್ತು ಕೈಯಲ್ಲೇ ಇಟ್ಟರು. "ಇದನ್ನ ಇವತ್ತ ಬರಿ ಬೇಟಾ. ಇಷ್ಟು ವರ್ಷ ಬರಿಸಾಕ ಮನಸು ಗಟ್ಟಿ ಆಗಿರಲಿಲ್ಲ. ನಾ ನಾಳಿಂದ ಮೂರು ದಿನ ಸಿರುಗುಪ್ಪಕ್ಕ ಹೊಂಟೀನಿ, ಅಕ್ಕನ ಮನ್ಯಾಗ ಮದುವಿ." ನಾನು ಹೂಂ ಅಂದೆ. ಅವತ್ತು ಬೆಳಿಗ್ಗೆಯೇ ನನ್ನ ಗಂಡ ಇನ್ನೊಂದು ಮದುವೆ ಮಾಡಿಕೊಂಡ ಸುದ್ದಿ ಬಂದಿತ್ತು. ಅಳು ತಡೆದುಕೊಂಡು ನಿಂತವಳಿಗೆ ಟ್ಯಾಗಿನಲ್ಲಿ ಏನಿದೆ ಎಂದು ನೋಡುವ ಮನಸ್ಸೂ ಇರಲಿಲ್ಲ. ಅವರ ಎದುರಿಗೇ ಬುತ್ತಿಯ ಚೀಲದಲ್ಲಿ ತುರುಕಿದೆ. ಸಾಯಂಕಾಲ ಬರೆದರಾಯಿತು ಅಂದುಕೊಂಡೆ, ಮರೆತೆ.

ಗುರುವಾರ ಬೆಳಿಗ್ಗೆ ನಾನೇ ಎಲ್ಲರನ್ನೂ ನಿಲ್ಲಿಸಿ ಕ್ಯಾಲೆಂಡರು ನೋಡಿದೆ. "ಖಾಲಿ," ಎಂದೆ. ಮೋಕದಕ್ಕ ಎರಡೂ ಕೈ ಎತ್ತಿ ಮುಗಿದಳು. ಚಾಚಾ ತಮ್ಮ ಸೀಟಿಯನ್ನು ನನ್ನ ಕೊರಳಿಗೆ ಹಾಕಿ ಹೋಗಿದ್ದರು.

ಮೂರೂವರೆಗೆ ಮೋಡ ಎದ್ದಿತು. ನನಗೆ ಕಂಡಿತು. ಸುಳ್ಳು ಹೇಳಿ ಏನು ಮಾಡಲಿ, ಸ್ಪಷ್ಟವಾಗಿ ಕಂಡಿತು. ಸೀಟಿಯನ್ನು ತುಟಿಗೆ ಇಟ್ಟುಕೊಂಡೆ. ಅಷ್ಟರಲ್ಲಿ ಮೋಕದಕ್ಕ, "ಇವತ್ತು ಖಾಲಿ ಐತಲ್ಲ ತಂಗಿ, ಬರೇ ಧೂಳಿನ ಗಾಳಿ ಅದು. ಎಲ್ಲಾರೂ ಸೇರಿ ತೆಗದುಬಿಡೂನು, ಚಾಚಾ ಬರೂದ್ರಾಗ ಸಾವುಕಾರನ ಕೈಲೆ ಶಾಬಾಸ್ ಅನಿಸ್ಕೊಳ್ಳೂನು," ಅಂದಳು. ಹೌದಲ್ಲ, ಖಾಲಿ ಅಂತ ನಾನೇ ಓದಿದ್ದೇನಲ್ಲ ಅನ್ನಿಸಿತು. ಊದಲಿಲ್ಲ. ಎಲ್ಲರೂ ತಂತಿಗಳ ನಡುವೆ ನುಗ್ಗಿ ಪ್ಯಾಂಟು ಎಳೆಯತೊಡಗಿದೆವು. ಕೆಂಪು ಧೂಳು ಎದ್ದು ಮುಂದಿನವರ ಬೆನ್ನು ಕಾಣದಾಯಿತು. ಪ್ಯಾಂಟುಗಳ ಕಾಲುಗಳು ಮುಖಕ್ಕೆ ಬಡಿಯುತ್ತಿದ್ದವು. ನನ್ನ ಮುಂದಿನ ಸಾಲಿನಲ್ಲಿ ಮೋಕದಕ್ಕ ನಗುತ್ತಾ ಏನೋ ಕೂಗಿದಳು, ಗಾಳಿಗೆ ನನಗೆ ಕೇಳಲಿಲ್ಲ.

ಆಮೇಲೆ ಬೆಳಕು. ಸದ್ದು ಕೇಳಿದ ನೆನಪೇ ನನಗಿಲ್ಲ. ನಾನು ನೆಲದ ಮೇಲಿದ್ದೆ, ಬಾಯಿ ತುಂಬ ಮಣ್ಣು. ತಂತಿ ತುಂಡಾಗಿ ನೆಲಕ್ಕೆ ಬಿದ್ದಿತ್ತು. ಮೋಕದಕ್ಕ ಪ್ಯಾಂಟುಗಳ ಹೊರೆಯ ಮೇಲೆ ಬೋರಲಾಗಿ ಮಲಗಿದ್ದಳು. ಕೈಯ ಬಳೆಗಳು ಒಂದೂ ಒಡೆದಿರಲಿಲ್ಲ. ಯಾರೋ ಅವಳನ್ನು ತಿರುಗಿಸಿದರು. ನಾನು ನೋಡಲಿಲ್ಲ. ಸೀಟಿ ನನ್ನ ಕೊರಳಲ್ಲೇ ಇತ್ತು.

ಸಂಜೆ ಮನೆಗೆ ಬಂದು, ಅವ್ವ ಡಬ್ಬಿ ತೊಳೆಯಲು ಚೀಲ ಬೋರಲು ಹಾಕಿದಾಗ ಟ್ಯಾಗು ಬಿತ್ತು. ಓದಿದೆ. ಅವತ್ತಿನದೇ ತಾರೀಖು. ಅದರ ಕೆಳಗೆ ಚಾಚಾ ಬರೆದದ್ದು ಇಷ್ಟೇ: "ರಾರಾವಿ. ಬೇವಿನ ಗಿಡ. ಸಿಡಿಲು. ನನ್ನ ತಮ್ಮ." ಊರವರ ಸಾವುಗಳನ್ನೆಲ್ಲ ಬರೆಸಿದ ಮನುಷ್ಯ ತನ್ನ ತಮ್ಮನ ಖಾನೆಯನ್ನು ಅಷ್ಟು ವರ್ಷ ಖಾಲಿ ಬಿಟ್ಟಿದ್ದರು. ಕೊನೆಗೆ ಮನಸ್ಸು ಗಟ್ಟಿ ಮಾಡಿ ನನ್ನ ಕೈಗೆ ಕೊಟ್ಟಿದ್ದರು. ಆ ಟ್ಯಾಗನ್ನು ಒಲೆಗೆ ಹಾಕಿದೆ. ಹಾಕಿದ್ದು ದುಃಖಕ್ಕಲ್ಲ, ಯಾರಾದರೂ ನೋಡಿಯಾರು ಎಂಬ ಹೆದರಿಕೆಗೆ. ಇದನ್ನು ಈ ಮಾರ್ಚಿನವರೆಗೆ ಯಾರಿಗೂ ಹೇಳಿರಲಿಲ್ಲ.

ಪೊಲೀಸರು ಬಂದು ಪಂಚನಾಮೆ ಮಾಡಿ ಹೋದರು. ಸಿಡಿಲಿನ ಮೇಲೆ ಯಾರು ಕೇಸು ಹಾಕುತ್ತಾರೆ? ಆದರೆ ಮೂರನೆಯ ದಿನ ಮೋಕದಕ್ಕನ ಗಂಡ ಬಯಲಿಗೆ ಬಂದ. ಕುಡಿದಿರಲಿಲ್ಲ. ಚಾಚಾ ಸಿರುಗುಪ್ಪದಿಂದ ಸುದ್ದಿ ತಿಳಿದು ಆಗಲೇ ಓಡಿ ಬಂದಿದ್ದರು. ಸಾವುಕಾರನೂ ಇದ್ದ. "ಇವತ್ತು ಏನೂ ಆಗೂದಿಲ್ಲ ಅಂತ ಹೇಳಿದವ್ರು ಯಾರು?" ಎಂದು ಆ ಗಂಡ ಕೇಳಿದ. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಒಬ್ಬಳು, "ಆಕಿ ಅಲ್ಲಿ ಇದ್ದದ್ದನ್ನ ಓದ್ಯಾಳರಿ, ಪಾಪ," ಎಂದಳು. ಚಾಚಾ ಗೋಡೆಯ ಹತ್ತಿರ ಹೋಗಿ, ಕನ್ನಡಕವನ್ನು ಕ್ಯಾಲೆಂಡರಿಗೆ ತಗಲುವಷ್ಟು ಹತ್ತಿರ ಹಿಡಿದು, ಆ ಖಾನೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

"ಆಕಿ ಇದ್ದದ್ದು ಓದ್ಯಾಳ," ಎಂದರು ಚಾಚಾ. "ಈ ಕ್ಯಾಲೆಂಡರ್ ನಂದು. ಆ ಖಾನೆ ಖಾಲಿ ಬಿಟ್ಟಾಂವ ನಾನು."

ಆ ಗಂಡ ಅವರ ಕೆನ್ನೆಗೆ ಹೊಡೆದ. ಕನ್ನಡಕ ಹಾರಿ ಹೋಯಿತು. ಯಾರೂ ತಡೆಯಲಿಲ್ಲ. ಚಾಚಾ ಕೈ ಅಡ್ಡ ಹಿಡಿಯಲೂ ಇಲ್ಲ. ಸಾವುಕಾರನಿಗೆ ಹಳೆಯ ಸಿಟ್ಟು ಇದ್ದೇ ಇತ್ತು, ಅವತ್ತೇ ಕೆಲಸದಿಂದ ತೆಗೆದ. ನಾನು ಹೆಂಗಸರ ಹಿಂದೆ ನಿಂತುಕೊಂಡು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಒಂದು ಮಾತು, ಒಂದೇ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಊರಲ್ಲಿ ಆಗಲೇ ಗಂಡ ಬಿಟ್ಟವಳು ಅನ್ನಿಸಿಕೊಂಡವಳು ಕೊಂದವಳು ಅಂತಲೂ ಅನ್ನಿಸಿಕೊಂಡು ಎಲ್ಲಿಗೆ ಹೋಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ನೆಪ ಹುಡುಕಿ ಕೊಡಬೇಕಾಗಿಲ್ಲ.

ಎರಡು ತಿಂಗಳಾದ ಮೇಲೆ ಕೌಲ್ ಬಜಾರಿನ ಅವರ ಮನೆಗೆ ಹೋದೆ. ಒಂದೇ ಕೋಣೆ. ಅವರ ಹೆಂಡತಿ ಚಹಾ ಇಟ್ಟುಕೊಟ್ಟು ಪಕ್ಕದ ಮನೆಗೆ ಹೋದರು. ನಾನು ಬಾಯಿ ತೆರೆಯುವ ಮುಂಚೆಯೇ ಚಾಚಾ ಕೈ ಎತ್ತಿ ತಡೆದರು. "ಗೊತ್ತೈತಿ ಬಿಡು. ನೀ ಖಾನ್ಯಾಗ ಬರೆದಿದ್ರ ಅವ್ರು ಓಡಿ ಬರ್ತಿದ್ರೋ ಏನೋ, ಯಾರಿಗಿ ಗೊತ್ತು. ನನ್ನ ತಮ್ಮನ ದಿನ ನಾ ಮೊದಲ ಬರಿಸಿದ್ರ ನಿನ್ನ ಚೀಲದ ಮಟಾ ಬರ್ತಿರಲಿಲ್ಲ ಅದು. ಮತ್ತ ಖಾನೆ ತುಂಬಿಸಿ ತುಂಬಿಸಿ ಖಾಲಿ ಖಾನೆಗೆ ಬೆಲಿ ತಂದಾಂವ ಯಾರು? ನಾನ." ಚಹಾದ ಲೋಟವನ್ನು ನನ್ನ ಕಡೆ ಸರಿಸಿ, "ನೀ ಇನ್ನ ಸಣ್ಣಾಕಿ. ಮುಂದ ಬಾಳೇವು ಬಾಳ ಐತಿ. ನಾ ಮುದುಕ, ಒಂದು ಬೈಗುಳ ಹೆಚ್ಚಾದ್ರ ಏನಾತು," ಎಂದರು.

ಅವರ ಗೋಡೆಯ ಮೇಲೆ ಆ ವರ್ಷದ ಇನ್ನೊಂದು ಕ್ಯಾಲೆಂಡರು ಇತ್ತು. ಹತ್ತಿರ ಹೋಗಿ ನೋಡಿದೆ. ಯಾವ ಖಾನೆಯಲ್ಲೂ ಸತ್ತವರ ಸುದ್ದಿ ಇರಲಿಲ್ಲ. ಪೊರೆ ಬಂದ ಕಣ್ಣಿನಲ್ಲೇ, ಒಂದರ ಮೇಲೊಂದು ಬಿದ್ದ ಸೊಟ್ಟ ಅಕ್ಷರಗಳಲ್ಲಿ, ಪ್ರತಿ ತಾರೀಖಿಗೂ ಒಂದೇ ಮಾತು ಬರೆದಿದ್ದರು: "ಮ್ಯಾಲೆ ನೋಡು." ಜನವರಿಯ ಚಳಿಯ ದಿನಗಳಿಗೂ ಬಿಟ್ಟಿರಲಿಲ್ಲ. ಅದನ್ನು ಬಯಲಿಗೆ ಒಯ್ದು ಕೊಡಲು ಹೋಗಿದ್ದರಂತೆ, ಹೊಸ ಮೇಸ್ತ್ರಿ ತೆಗೆದುಕೊಳ್ಳಲಿಲ್ಲವಂತೆ. ಆಮೇಲೆ ಅವರು ಬೇಸಿಗೆಯ ಮಧ್ಯಾಹ್ನಗಳಲ್ಲಿ ಬಯಲಿನ ಬೇಲಿಯ ಆಚೆ ರಸ್ತೆಯಲ್ಲಿ ನಿಂತು, ಮೋಡ ಕಂಡರೆ ಅಲ್ಲಿಂದಲೇ, ಹೊಸದಾಗಿ ಕೊಂಡ ಸೀಟಿ ಊದುತ್ತಿದ್ದರು. ಹೆಂಗಸರು ಓಡುತ್ತಿದ್ದರು. ಹೊಸ ಮೇಸ್ತ್ರಿ ಓಡಿಸಿದರೆ ಮರುದಿನ ಮತ್ತೆ ಬರುತ್ತಿದ್ದರು. ಕಣ್ಣು ಪೂರ್ತಿ ಹೋಗುವವರೆಗೂ ಅದು ನಡೆಯಿತು ಎಂದು ಕೇಳಿದೆ.

ನಾನು ಅಷ್ಟರಲ್ಲಿ ಬಳ್ಳಾರಿ ಬಿಟ್ಟಿದ್ದೆ. ಈಗ ಕುರುಗೋಡಿನಲ್ಲಿ ಅಂಗನವಾಡಿ ನೋಡಿಕೊಳ್ಳುತ್ತೇನೆ. ಹದಿನಾಲ್ಕು ವರ್ಷವಾಯಿತು. ಅಂಜಿಕೆ ಹೋಗಿಲ್ಲ. ಗುಡ್ಡದ ಮೇಲೆ ಕಪ್ಪು ಕಂಡರೆ ಮಕ್ಕಳನ್ನೆಲ್ಲ ಒಳಗೆ ಹಾಕಿ ಬಾಗಿಲು ಮುಚ್ಚುತ್ತೇನೆ, ನಲ್ಲಿ ಮುಟ್ಟಲು ಬಿಡುವುದಿಲ್ಲ, ಕಿಟಕಿಯ ಸರಳು ಹಿಡಿದವರ ಕೈಗೆ ಏಟು ಕೊಡುತ್ತೇನೆ. ತಾಯಂದಿರು ನಗುತ್ತಾರೆ. ಮೋಡದ ಟೀಚರ್ ಅನ್ನುತ್ತಾರೆ. ಅನ್ನಲಿ. ಸಿಡಿಲಿನ ಹೆದರಿಕೆಯ ಜೊತೆ ಇನ್ನೊಂದು ಹೆದರಿಕೆಯೂ ಇತ್ತು, ಅದು ಮಳೆಗಾಲ ಚಳಿಗಾಲ ನೋಡುತ್ತಿರಲಿಲ್ಲ. ಮೋಕದ ಕಡೆಯವರು ಯಾರು ಎದುರು ಬಂದರೂ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದೆ.

ಚಾಚಾ ಈ ಜನವರಿಯಲ್ಲಿ ತೀರಿಕೊಂಡರು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ನಾನು ಹೋದಾಗ ಮಣ್ಣು ಮಾಡಿ ಬಂದಾಗಿತ್ತು. ಬಯಲಿನ ಹಳೆಯ ಹೆಂಗಸರು ಮೂರು ನಾಲ್ಕು ಮಂದಿ ಬಂದಿದ್ದರು. ಅವರಲ್ಲಿ ಒಬ್ಬಳು ಕಣ್ಣೊರೆಸಿಕೊಳ್ಳುತ್ತ, "ಬಂಗಾರದಂಥ ಮನುಷ್ಯಾ. ಅದೊಂದು ಖಾನೆ ಮರತು ಕೆಟ್ಟ," ಎಂದಳು. ಸತ್ತ ಮೇಲೂ ಅವರ ಹೆಸರಿನ ಜೊತೆ ಆ ಮಾತು ಹೋಗುತ್ತದೆ ಎಂದು ನನಗೆ ಅಲ್ಲಿ ತಿಳಿಯಿತು. ಅವತ್ತೂ ನಾನು ಬಾಯಿ ಬಿಡಲಿಲ್ಲ. ಆದರೆ ಮನೆಗೆ ಬಂದ ಮೇಲೂ ಆ ಮಾತು ಕಿವಿ ಬಿಟ್ಟು ಹೋಗಲಿಲ್ಲ. ಎರಡು ತಿಂಗಳು ಹೀಗೇ ಕಳೆದು, ಮಾರ್ಚಿನಲ್ಲಿ ಒಂದು ಭಾನುವಾರ ಮೋಕದ ಬಸ್ಸು ಹತ್ತಿದೆ.

ಮೋಕದಕ್ಕನ ಮಗಳು ಈಗ ಅದೇ ಮನೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ತಾಯಿ ಹೋದಾಗ ಹತ್ತು ವರ್ಷದವಳು. ಅದೇ ಹಣೆ, ಅದೇ ದೊಡ್ಡ ಕುಂಕುಮ. ಬಾಗಿಲಲ್ಲಿ ನೋಡಿದಾಗ ನನಗೆ ಓಡಿಹೋಗಬೇಕು ಅನ್ನಿಸಿತು. ಅವಳು ಗುರುತು ಹಿಡಿದು, "ಬರ್ರಿ ಅಕ್ಕಾರ, ಅವ್ವನ ಜೋಡಿ ಇದ್ದವ್ರಲ್ಲ ನೀವು," ಎಂದು ಕುರ್ಚಿ ಹಾಕಿದಳು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ನಿಂತೇ ಎಲ್ಲ ಹೇಳಿದೆ. ಟ್ಯಾಗು, ಬುತ್ತಿಯ ಚೀಲ, ತುಟಿಗೆ ಇಟ್ಟೂ ಊದದ ಸೀಟಿ, ಒಲೆ. ಅವಳ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೇ ಇತ್ತು, ಅಲ್ಲಾಡಲಿಲ್ಲ.

"ಚಾಚಾಗ ಗೊತ್ತಿತ್ತೇನ್ರಿ ಇದು?" ಎಂದು ಕೇಳಿದಳು.

"ಗೊತ್ತಿತ್ತು. ಮೊದಲ ದಿನದಿಂದ."

ಅವಳು ಬಟ್ಟೆಯನ್ನು ಯಂತ್ರದಿಂದ ಬಿಡಿಸಿ ಮಡಿಚಿ ಇಟ್ಟಳು. ಆಮೇಲೆ ಬಾಗಿಲಿನ ಹೊಸ್ತಿಲು ತೋರಿಸಿದಳು. "ವರ್ಷಾ ಅವ್ವ ಹೋದ ದಿನಕ್ಕ ಬರ್ತಿದ್ರು. ಅಲ್ಲೇ ನಿಂದರ್ತಿದ್ರು, ಒಳಗ ಬರ್ತಿರಲಿಲ್ಲ. ಅಪ್ಪ ಇರೂ ಮಟಾ ಅಪ್ಪ ಬೈತಿದ್ದ. ಅಪ್ಪ ಹೋದ ಮ್ಯಾಲೆ ನಾ ಬೈತಿದ್ದೆ. ಕಣ್ಣು ಕಾಣದಂಗಾದ ಮ್ಯಾಲೂ ಯಾರದರ ಕೈ ಹಿಡ್ಕೊಂಡು ಬಂದ್ರು. ಹೋದ ವರ್ಷಾನ ಅಂದೀನಿ, ಇನ್ನೂ ಸತ್ತಿಲ್ಲೇನು ಅಂತ." ಮಡಿಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಚಿದಳು. "ಹೂಂ ಬೇಟಾ, ಇನ್ನೂ ಇಲ್ಲ ಅಂದ್ರು. ಅಷ್ಟ ಅಂದು ಹೋದ್ರು."

"ನನಗ ಬೈಯಿ ತಂಗಿ," ಎಂದೆ. "ಅವ್ರಿಗಿ ಬೈದದ್ದೆಲ್ಲ ನಂದು."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಆ ಹೊಸ್ತಿಲನ್ನೇ ನೋಡಿದಳು.

"ಇವತ್ತು ಬ್ಯಾಡ," ಎಂದಳು. "ಈ ವರ್ಷ ಆ ದಿನಕ್ಕ ನೀವು ಬರ್ರಿ."

ಅದಕ್ಕೆ ಇನ್ನು ಒಂಬತ್ತು ದಿನ ಉಳಿದಿದೆ. ತುಂಬ ಹೆದರಿಕೆಯಾಗುತ್ತಿದೆ. ಹೋಗುತ್ತೇನೆ.